ಹಳೇ ಮಾರುತಿ 800ರ ಚಾರ್ಜಿಂಗ್ ಕಾಯಿಲೆಗೆ ಯಾವ ಮೀಟರು? ನಾಲ್ಕು ಉಪಕರಣಗಳ ವಿಮರ್ಶೆ

ಬೆಳಿಗ್ಗೆ ಕೀಲಿ ತಿರುಗಿಸಿದರೆ ಸೆಲ್ಫು ‘ಟಕ್’ ಅಂದು ಸುಮ್ಮನಾಗುತ್ತದೆ. ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಿಸಿ ವಯರಿಂಗ್ ಅಂಗಡಿಗೆ ಒಯ್ದರೆ ಬೋನೆಟ್ ಎತ್ತುವ ಮೊದಲೇ ತೀರ್ಪು ಬಂದಿರುತ್ತದೆ: ‘ಡೈನಮೋ ಹೋಗಿದೆ ಸಾರ್.’ ಕಾರಿಗೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರ) ಬಂದು ಯಾವ ಕಾಲವಾಯಿತೋ, ನಮ್ಮ ಊರುಗಳಲ್ಲಿ ಅದರ ಹೆಸರು ಇನ್ನೂ ಡೈನಮೋ, ಅದರ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಹೆಸರು ಕಟೌಟ್. ಹೆಸರು ಹೇಗಾದರೂ ಇರಲಿ, ತೊಂದರೆ ತೀರ್ಪಿನದು. ಆಲ್ಟರ್ನೇಟರ್ ಬದಲಾಗುತ್ತದೆ. ವಾರ ಕಳೆದು ಕಾರು ಮತ್ತೆ ಮಲಗಿದರೆ ‘ಹಾಗಾದ್ರೆ ಬ್ಯಾಟರಿನೇ’ ಅನ್ನುತ್ತಾರೆ, ಅದೂ ಬದಲಾಗುತ್ತದೆ. ಗೇರ್‌ಬಾಕ್ಸಿನ ಮೇಲೆ ತುಕ್ಕು ಹಿಡಿದು ಕೂತ ಅರ್ತ್ ಲಗ್ಗನ್ನು (ಬ್ಯಾಟರಿಯ ಮೈನಸ್ ಕೇಬಲ್ಲಿನ ತುದಿಯ ಲೋಹದ ಬಳೆ) ಅಷ್ಟರವರೆಗೂ ಯಾರೂ ಮುಟ್ಟಿರುವುದಿಲ್ಲ.

ಹಾಗಾಗಿ ಈ ವಿಮರ್ಶೆಯಲ್ಲಿ ಯಾವ ಮೀಟರಿನ ಡಬ್ಬಿಯ ಮೇಲೆ ಏನು ಬರೆದಿದೆ ಎನ್ನುವುದಕ್ಕಿಂತ, ಯಾವ ದೋಷವನ್ನು ಯಾವುದು ತೋರಿಸುತ್ತದೆ, ಯಾವುದು ಮುಚ್ಚಿಡುತ್ತದೆ ಎನ್ನುವುದೇ ಅಳತೆಗೋಲು. ಪರೀಕ್ಷೆಗೆ ಕೂರಿಸಿದ್ದು ನಾಲ್ಕನ್ನು: ಹಳದಿ ಬಣ್ಣದ ಡಿಟಿ-830ಡಿ ಮಲ್ಟಿಮೀಟರ್ (ಇನ್ನೂರು ಮುನ್ನೂರು ರೂಪಾಯಿಯದು), ಯುನಿ-ಟಿ ಕಂಪನಿಯ ಯುಟಿ210ಇ ಡಿಸಿ ಕ್ಲ್ಯಾಂಪ್ ಮೀಟರ್ (ವಯರಿನ ಸುತ್ತ ದವಡೆ ಹಾಕಿ ಕರೆಂಟ್ ಅಳೆಯುವಂಥದ್ದು, ಮೂರು ನಾಲ್ಕು ಸಾವಿರದ ಆಸುಪಾಸು), ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಕೆಂಪಂಕಿಯ ವೋಲ್ಟ್‌ಮೀಟರ್, ಮತ್ತು ಸಿಸಿಎ (ಚಳಿಯಲ್ಲಿ ಸೆಲ್ಫ್ ಹೊಡೆಯಲು ಬ್ಯಾಟರಿ ಕೊಡಬಲ್ಲ ಕರೆಂಟ್) ತೋರಿಸುವ, ಕೈಯಲ್ಲಿ ಹಿಡಿಯುವ ಬ್ಯಾಟರಿ ಟೆಸ್ಟರ್. ಕಾರು ಕಾರ್ಬ್ಯುರೇಟರ್ ಕಾಲದ ಮಾರುತಿ 800 ಎಂದಿಟ್ಟುಕೊಳ್ಳಿ: 796 ಸಿಸಿ, ಮೂರು ಸಿಲಿಂಡರ್, ವಿ-ಬೆಲ್ಟಿನಲ್ಲಿ ತಿರುಗುವ ಆಲ್ಟರ್ನೇಟರ್, 35 ಆಂಪಿಯರ್-ಅವರ್ ಬ್ಯಾಟರಿ. ಅದೇ ಎಂಜಿನ್ನಿನ ಓಮ್ನಿಗೂ, ಆಲ್ಟರ್ನೇಟರ್ ಹಾಕಿಸಿಕೊಂಡ ಪದ್ಮಿನಿ, ಅಂಬಾಸಡರ್‌ಗಳಿಗೂ ಇಲ್ಲಿನ ಅಂಕಿಗಳು ಹೆಚ್ಚು ಕಡಿಮೆ ಹೊಂದುತ್ತವೆ.

ಮೀಟರು ಕೈಗೆತ್ತಿಕೊಳ್ಳುವ ಮೊದಲು ಕೈಬೆರಳಿನ ಕೆಲಸ ಒಂದಿದೆ, ಅದಕ್ಕೆ ದುಡ್ಡಿಲ್ಲ. ಎಂಜಿನ್ ನಿಂತಿರುವಾಗ ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಲ್ಲಿ ಗಟ್ಟಿಯಾಗಿ, ಸುಮಾರು 10 ಕೆಜಿ ಭಾರದಷ್ಟು ಒತ್ತಿ. 6ರಿಂದ 9 ಮಿಲಿಮೀಟರ್ ಬಗ್ಗಿದರೆ ಸರಿ. ಬೆಲ್ಟಿನ ಪಕ್ಕೆಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ, ಇಲ್ಲವೇ ಬೆಲ್ಟು ಪುಲ್ಲಿಯ ಕಣಿವೆಯ ತಳಕ್ಕೆ ತಾಗಿ ಕೂತಿದ್ದರೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ, ಏಕೆಂದರೆ ವಿ-ಬೆಲ್ಟ್ ಹಿಡಿಯುವುದು ಪಕ್ಕೆಗಳಿಂದ. ಜಾರುವ ಬೆಲ್ಟು ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ, ಹೆಡ್‌ಲೈಟ್ ಹಾಕಿದ ಕೂಡಲೇ ಕಿರುಚುತ್ತದೆ. ಮಳೆಯಲ್ಲಿ ಸದ್ದಿಲ್ಲದೆ ಜಾರುವುದೂ ಉಂಟು. ಬೆಲ್ಟ್ ಸರಿಪಡಿಸದೆ ತೆಗೆದ ಯಾವ ವೋಲ್ಟೇಜಿಗೂ ಅರ್ಥವಿಲ್ಲ.

ಈಗ ಮೊದಲ ಉಪಕರಣ, ಹಳದಿ ಮೀಟರು. ಇದನ್ನು ಆಟಿಕೆ ಎಂದು ತಳ್ಳಿಹಾಕುವವರು ಬಹಳ. ಡಿಸಿ ವೋಲ್ಟ್ ಅಳೆಯುವುದರಲ್ಲಿ ಆ ಮಾತು ಅನ್ಯಾಯ. 20 ವೋಲ್ಟ್ ಶ್ರೇಣಿಯಲ್ಲಿ 0.01 ವೋಲ್ಟಿನವರೆಗೆ ತೋರಿಸುತ್ತದೆ. ತಪ್ಪು ಶೇಕಡಾ ಅರ್ಧ, ಜೊತೆಗೆ ಕೊನೆಯ ಅಂಕಿಯಲ್ಲಿ ಎರಡು. ಅಂದರೆ 14.40 ಎಂದು ತೋರಿಸಿದಾಗ ನಿಜ 14.3ರಿಂದ 14.5ರ ಒಳಗಿರುತ್ತದೆ. ಚಾರ್ಜಿಂಗ್ ದೋಷ ಹಿಡಿಯಲು ಇದು ಧಾರಾಳ.

ಮೊದಲ ಅಳತೆ ರಾತ್ರಿಯೆಲ್ಲ ನಿಂತ ಕಾರಿನದು. ಬ್ಯಾಟರಿ ಕಂಬಗಳಿಗೇ ಮೀಟರಿನ ಮುಳ್ಳು (ವಯರಿನ ಚೂಪು ತುದಿ) ಹಿಡಿಯಬೇಕು. 12.6ರ ಮೇಲಿದ್ದರೆ ತುಂಬಿದೆ, 12.4 ಮುಕ್ಕಾಲು, 12.2 ಅರ್ಧ, 12.0ಕ್ಕೆ ಬಂದರೆ ಕಾಲು ಭಾಗ. 10.5ರ ಹತ್ತಿರ ನಿಂತುಬಿಟ್ಟಿದ್ದರೆ ಆರರಲ್ಲಿ ಒಂದು ಸೆಲ್ ಶಾರ್ಟ್ ಆಗಿದೆ, ಆ ಬ್ಯಾಟರಿಯೊಡನೆ ಹೋರಾಡಿ ಫಲವಿಲ್ಲ. ಈಗ ತಾನೇ ಓಡಿಸಿ ನಿಲ್ಲಿಸಿದ ಕಾರಿನಲ್ಲಿ 12.9 ಕಂಡರೆ ಹಿಗ್ಗಬೇಡಿ. ಅದು ತಟ್ಟೆಗಳ ಮೇಲ್ಮೈಯ ಚಾರ್ಜು. ಎರಡು ನಿಮಿಷ ಹೆಡ್‌ಲೈಟ್ ಉರಿಸಿ, ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆಮೇಲೆ ಇನ್ನೊಬ್ಬರ ಕೈಲಿ ಸೆಲ್ಫ್ ಹೊಡೆಸಿ: ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿಯಬಾರದು. ತುಂಬಿದ ಬ್ಯಾಟರಿಯೇ ಹಾಗೆ ಕುಸಿದರೆ ಒಂದೋ ಬ್ಯಾಟರಿಗೆ ವಯಸ್ಸಾಗಿದೆ, ಇಲ್ಲವೇ ಸೆಲ್ಫ್ ಮೋಟರ್ ಮಿತಿಮೀರಿ ಕರೆಂಟ್ ಕುಡಿಯುತ್ತಿದೆ.

ಎಂಜಿನ್ ಸ್ಟಾರ್ಟ್ ಮಾಡಿ, 2000 ಆರ್‌ಪಿಎಂನಷ್ಟು ರೇಸ್ ಹಿಡಿದು, ಎಲ್ಲ ಲೈಟು ಆರಿಸಿ ನೋಡಿದರೆ 13.8ರಿಂದ 14.7 ಇರಬೇಕು. ಹೆಡ್‌ಲೈಟ್ ಹೈ ಬೀಮ್, ಬ್ಲೋವರ್ ಪೂರ್ತಿ, ವೈಪರ್ ಹಾಕಿದ ಮೇಲೂ 13.3ರ ಕೆಳಗೆ ಇಳಿಯಬಾರದು. 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ: ನೀರು ಹಾಕುವ ಬ್ಯಾಟರಿಯಾದರೆ ನೀರು ಬೇಗ ಇಳಿಯುತ್ತದೆ, ಬಲ್ಬುಗಳು ಒಂದರ ಹಿಂದೆ ಒಂದು ಹೋಗುತ್ತವೆ, ಟರ್ಮಿನಲ್ ಸುತ್ತ ಹಸಿರು-ಬಿಳಿ ಪುಡಿ ಕಟ್ಟುತ್ತದೆ. ಇಲ್ಲೊಂದು ವಿನಾಯಿತಿ ಇದೆ. ರೆಗ್ಯುಲೇಟರ್ ಬಿಸಿಯಾದಂತೆ ತಾನೇ ವೋಲ್ಟೇಜ್ ಇಳಿಸಿಕೊಳ್ಳುವಂತೆ ಮಾಡಿರುತ್ತಾರೆ, ಹೆಚ್ಚಿನವುಗಳಲ್ಲಿ ಡಿಗ್ರಿಗೆ ಸುಮಾರು 10 ಮಿಲಿವೋಲ್ಟಿನಂತೆ. ಆದ್ದರಿಂದ ಮಡಿಕೇರಿಯ ಚಳಿ ಬೆಳಿಗ್ಗೆ 14.6 ತೋರಿಸಿದ ಕಾರು ರಾಯಚೂರಿನ ಮೇ ಮಧ್ಯಾಹ್ನ, ಬೋನೆಟ್ ಒಳಗೆ ಕುದಿಯುತ್ತಿರುವಾಗ, 13.8 ತೋರಿಸಿದರೆ ಅದು ಕಾಯಿಲೆಯಲ್ಲ.

ಇಷ್ಟು ಎಲ್ಲರೂ ಮಾಡುತ್ತಾರೆ. ಹಳದಿ ಮೀಟರು ತನ್ನ ಬೆಲೆಗೆ ನೂರು ಪಟ್ಟು ದುಡಿಯುವುದು ಇದಾದ ಮೇಲಿನ ಪರೀಕ್ಷೆಯಲ್ಲಿ, ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂದು ಹುಡುಕುವಾಗ. ಒಂದು ಮಾದರಿ ಲೆಕ್ಕ ನೋಡೋಣ. ಎಂಜಿನ್ 2000ದಲ್ಲಿದೆ, ಹೆಡ್‌ಲೈಟು, ಬ್ಲೋವರ್ ಉರಿಯುತ್ತಿವೆ, ಬ್ಯಾಟರಿ ಕಂಬಗಳ ನಡುವೆ 13.35. ‘ಡೈನಮೋ ವೀಕು’ ಎಂದು ಅಂಗಡಿಯಲ್ಲಿ ಬರೆದುಕೊಳ್ಳುವ ಅಂಕಿ ಇದು. ಈಗ ಕೆಂಪು ಮುಳ್ಳನ್ನು ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿಗೆ (ಕರೆಂಟ್ ಹೊರಬರುವ ಜಾಗ), ಕಪ್ಪನ್ನು ಆಲ್ಟರ್ನೇಟರಿನ ಮೈಗೇ ಇಡಿ: 14.30. ಅಂದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ, 0.95 ವೋಲ್ಟು ದಾರಿಯಲ್ಲಿ ಕಳೆದುಹೋಗುತ್ತಿದೆ. ಯಾವ ದಾರಿ? ಮೀಟರನ್ನು 2000 ಮಿಲಿವೋಲ್ಟ್ ಶ್ರೇಣಿಗೆ ತಂದು ಒಂದು ಮುಳ್ಳು ಬಿ ಪ್ಲಸ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಕಂಬಕ್ಕೆ: 150 ಮಿಲಿವೋಲ್ಟ್. ಇದು ಒಪ್ಪುವಂಥದ್ದು, 200ರವರೆಗೆ ಚಿಂತೆಯಿಲ್ಲ. ಹಾಗಾದರೆ ಉಳಿದ 800 ಅರ್ತ್ ಕಡೆ.

ಕಪ್ಪು ಮುಳ್ಳನ್ನು ಬ್ಯಾಟರಿಯ ಮೈನಸ್ ಕಂಬದ ಸೀಸದ ಮೇಲೆ ಒತ್ತಿ ಅಲ್ಲೇ ಬಿಡಿ. ಕೆಂಪು ಮುಳ್ಳನ್ನು ಒಂದೊಂದೇ ಹೆಜ್ಜೆ ನಡೆಸಿ. ಕಂಬವನ್ನು ಹಿಡಿದ ಕ್ಲಾಂಪಿನ ಮೇಲೆ 20 ಮಿಲಿವೋಲ್ಟ್. ಕೇಬಲ್ಲಿನ ಇನ್ನೊಂದು ತುದಿಯ ಲಗ್ಗಿನ ಮೇಲೆ 50. ಅದೇ ಲಗ್ಗಿನ ಪಕ್ಕ, ಬೆರಳಗಲ ದೂರದಲ್ಲಿ, ಗೇರ್‌ಬಾಕ್ಸಿನ ಲೋಹವನ್ನು ಕೆರೆದು ಚುಚ್ಚಿದರೆ 720! ಆಲ್ಟರ್ನೇಟರ್ ಮೈ ಮುಟ್ಟಿದರೆ 800. ಲಗ್ಗಿಗೂ ಗೇರ್‌ಬಾಕ್ಸಿಗೂ ನಡುವಿನ ಕೂದಲೆಳೆಯ ಜಾಗದಲ್ಲಿ 670 ಮಿಲಿವೋಲ್ಟು ಸಾಯುತ್ತಿದೆ. ತುಕ್ಕೋ, ಹಳೇ ಪೇಂಟೋ, ಎಣ್ಣೆ ಮಣ್ಣೋ, ಅಲ್ಲಿದೆ ಕಳ್ಳ.

ಇದನ್ನು ಓಮ್ ಶ್ರೇಣಿಯಲ್ಲಿ ಹುಡುಕಲು ಹೋಗುವವರು ಸೋಲುವುದು ಖಂಡಿತ. 20 ಆಂಪಿಯರ್ ಹರಿಯುವಾಗ 670 ಮಿಲಿವೋಲ್ಟ್ ಬೀಳಿಸಲು ಬೇಕಾದ ತಡೆ 0.033 ಓಮ್ ಅಷ್ಟೇ. ಮೀಟರಿನ ಎರಡು ಮುಳ್ಳು ಒಂದಕ್ಕೊಂದು ತಾಗಿಸಿದರೇ 0.4 ಓಮ್ ತೋರಿಸುತ್ತದೆ. ಕರೆಂಟ್ ಹರಿಯದೆ ಈ ದೋಷ ಕಾಣುವುದೇ ಇಲ್ಲ. ‘ಅರ್ತ್ ಚೆಕ್ ಮಾಡಿದೆ, ಬೀಪ್ ಬರುತ್ತೆ’ ಎಂದರೆ ಏನನ್ನೂ ನೋಡಿಲ್ಲ ಎಂದೇ ಅರ್ಥ.

ರಿಪೇರಿಯೂ ಅಗ್ಗ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಲಗ್ ತೆಗೆದು, ಎರಡೂ ಮುಖಗಳನ್ನು 120 ನಂಬರಿನ ಎಮರಿ ಕಾಗದದಲ್ಲಿ ಬೆಳ್ಳಗೆ ಕಾಣುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ಗ್ರೀಸು ಬಿಗಿ ಮಾಡಿದ ನಂತರ, ಹೊರಗಡೆ ಮಾತ್ರ. ಬ್ಯಾಟರಿ ಕಂಬಗಳ ಪುಡಿಗೆ ಒಂದು ಮಗ್ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಸಾಕು. ಸೆಲ್ಲಿನ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗೆ ಬಿದ್ದರೆ ಆ ಸೆಲ್ಲಿನ ಆಸಿಡ್ಡೇ ಸತ್ತುಹೋಗುತ್ತದೆ. ಹಳೇ ಕಾರಾದರೆ ಆಲ್ಟರ್ನೇಟರ್ ಬ್ರಾಕೆಟ್ಟಿನಿಂದ ನೇರ ಬ್ಯಾಟರಿ ಮೈನಸ್ಸಿಗೆ 16 ಚದರ ಮಿಲಿಮೀಟರಿನ ಇನ್ನೊಂದು ಕೇಬಲ್ ಎಳೆಯುವುದು ನಿಶ್ಚಿಂತೆ.

ಇಷ್ಟು ಹೊಗಳಿದ ಮೇಲೆ ಹಳದಿ ಮೀಟರಿನ ಪಾಪಗಳನ್ನೂ ಹೇಳಬೇಕು. ಅವು ಸಣ್ಣವಲ್ಲ.

ಒಂದನೆಯದು, ಒಳಗಿನ 9 ವೋಲ್ಟ್ ಸೆಲ್ ಸವೆದಾಗ ಇದು ಸುಳ್ಳು ಹೇಳುತ್ತದೆ, ಅದೂ ಮೇಲ್ಮುಖವಾಗಿ. ಸರಿಯಾಗಿರುವ 14.3 ಇದರಲ್ಲಿ 15, 16 ಎಂದು ಕಾಣುತ್ತದೆ. ಒಳ್ಳೆಯ ರೆಗ್ಯುಲೇಟರನ್ನು ಕಿತ್ತು ಎಸೆಯಲು ಇದೊಂದೇ ಸಾಕು. ‘ಓವರ್‌ಚಾರ್ಜ್’ ಕಂಡ ಕೂಡಲೇ ಮೊದಲು ಮೀಟರಿನ ಸೆಲ್ ಬದಲಿಸಿ, ಆಮೇಲೆ ಕಾರನ್ನು ಅನುಮಾನಿಸಿ. ಹೊಸ ಪೆನ್ಸಿಲ್ ಸೆಲ್ ಅಳೆದಾಗ 1.6ರ ಆಸುಪಾಸು ಬಂದರೆ ಮೀಟರು ನೆಟ್ಟಗಿದೆ.

ಎರಡನೆಯದು ಅಪಾಯದ್ದು. ಇದರ 10 ಆಂಪಿಯರ್ ತೂತಿಗೆ ಫ್ಯೂಸ್ ಇರುವುದಿಲ್ಲ. ಕರೆಂಟ್ ಅಳೆದು, ಕೆಂಪು ಪಿನ್ನನ್ನು ಅದೇ ತೂತಿನಲ್ಲಿ ಮರೆತು, ವೋಲ್ಟೇಜ್ ನೋಡೋಣ ಎಂದು ಬ್ಯಾಟರಿಗೆ ಮುಟ್ಟಿಸಿದರೆ ಅದು ಸೀದಾ ಶಾರ್ಟು. ವಯರಿನ ರಬ್ಬರು ಕರಗಿ ಕೈಗೆ ಅಂಟುತ್ತದೆ. ಚಾರ್ಜ್ ಆಗಿ ಗ್ಯಾಸ್ ಬಿಡುತ್ತಿರುವ ಬ್ಯಾಟರಿಯ ಮೇಲೆ ಆ ಕಿಡಿ ಬಿದ್ದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಕೆಂಪು ಪಿನ್ನು ಸದಾ ನಡುವಿನ ವೋಲ್ಟ್ ತೂತಿನಲ್ಲೇ ಇರಲಿ. ಆ 10 ಆಂಪಿಯರ್ ತೂತಿಗೆ ಇನ್ಸುಲೇಷನ್ ಟೇಪ್ ಅಂಟಿಸಿಬಿಡುವುದು ಒಳ್ಳೆಯ ಪದ್ಧತಿ.

ಮೂರನೆಯದು, ಎಸಿ ಶ್ರೇಣಿ ಕಾರಿಗೆ ನಿರುಪಯೋಗಿ. ಆಲ್ಟರ್ನೇಟರ್ ಒಳಗೆ ಹುಟ್ಟುವುದು ಮೂರು ಫೇಸಿನ ಎಸಿ, ಅದನ್ನು ಆರು ಡಯೋಡುಗಳು ಡಿಸಿ ಮಾಡುತ್ತವೆ. ಒಂದು ಡಯೋಡ್ ಕೆಟ್ಟರೆ ಡಿಸಿಯ ಜೊತೆ ಎಸಿ ಅಲೆ ಸೇರಿ ಬರುತ್ತದೆ, ಅದನ್ನು ಅಳೆದೇ ಡಯೋಡ್ ದೋಷ ಹಿಡಿಯಬೇಕು. ಈ ಮೀಟರಿನಲ್ಲಿ ಎಸಿ ಅಳತೆ ಶುರುವಾಗುವುದೇ 200 ವೋಲ್ಟ್ ಶ್ರೇಣಿಯಿಂದ. ಮೇಲಾಗಿ ಡಿಸಿಯನ್ನು ತಡೆಯುವ ಕೆಪಾಸಿಟರ್ ಇಲ್ಲದ್ದರಿಂದ 12 ವೋಲ್ಟಿನ ಬ್ಯಾಟರಿಗೆ ಹಿಡಿದರೆ 26, 27 ಎಂದು ತೋರಿಸಿ, ಮುಳ್ಳು ತಿರುಗಿಸಿದರೆ ಸೊನ್ನೆಯಾಗುತ್ತದೆ. ‘ಡೈನಮೋದಿಂದ 30 ವೋಲ್ಟ್ ಎಸಿ ಬರ್ತಿದೆ’ ಎಂದು ಗಾಬರಿಯಾದವರ ಕೈಲಿರುವುದು ಸಾಮಾನ್ಯವಾಗಿ ಇದೇ ಮೀಟರು.

ಜೊತೆಗೆ ಬರುವ ಮುಳ್ಳುಗಳ ವಿಚಾರ ಒಂದೇ ಮಾತು: ಎಸೆಯಿರಿ. ಪಿನ್ನಿನ ಬುಡದಲ್ಲಿ ಎಳೆಗಳು ಮುರಿದು ಅಂಕಿ ಕುಣಿಯತೊಡಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೀಟರಿನಷ್ಟೇ ಬೆಲೆಗೆ ಸಿಲಿಕಾನ್ ವಯರಿನ ಲೀಡುಗಳು ಸಿಗುತ್ತವೆ, ಮೊಸಳೆ ಕ್ಲಿಪ್ಪಿನ ಜೋಡಿಯೂ ಬೇಕು. ಓಡುತ್ತಿರುವ ಎಂಜಿನ್ನಿನ ಫ್ಯಾನಿನ ಪಕ್ಕ ಎರಡೂ ಕೈಯಲ್ಲಿ ಮುಳ್ಳು ಹಿಡಿದು ನಿಲ್ಲುವುದಕ್ಕಿಂತ ಕ್ಲಿಪ್ ಹಾಕಿ ದೂರ ನಿಲ್ಲುವುದು ಲೇಸು.

ಎರಡನೇ ಉಪಕರಣ ಯುಟಿ210ಇ. ಅಂಗೈಯಲ್ಲಿ ಅಡಗುವ ಕ್ಲ್ಯಾಂಪ್ ಮೀಟರು, ಎರಡು ಎಎಎ ಸೆಲ್, ದವಡೆ ಬಾಯಿ ತೆರೆದರೆ 17 ಮಿಲಿಮೀಟರ್. ಕೊಳ್ಳುವಾಗ ಕೊನೆಯ ಅಕ್ಷರ ನೋಡಿ ಕೊಳ್ಳಬೇಕು. ಇದೇ ಮೈಕಟ್ಟಿನ ಅಗ್ಗದ ಮಾದರಿಗಳು ಎಸಿ ಕರೆಂಟ್ ಮಾತ್ರ ಅಳೆಯುತ್ತವೆ, ಕಾರಿನ ಕೆಲಸಕ್ಕೆ ಅವು ದಂಡ. ಇದರಲ್ಲಿ ಡಿಸಿಗೆ 2, 20, 100 ಆಂಪಿಯರ್ ಎಂದು ಮೂರು ಶ್ರೇಣಿಗಳಿವೆ, 2 ಆಂಪಿಯರಿನದರಲ್ಲಿ 1 ಮಿಲಿಆಂಪಿಯರ್ ತನಕ ಕಾಣುತ್ತದೆ. ದೊಡ್ಡ ಕ್ಲ್ಯಾಂಪ್ ಮೀಟರುಗಳಲ್ಲಿ ಈ ಸೂಕ್ಷ್ಮತೆ ಅಪರೂಪ, ಈ ಬೆಲೆಗೆ ಇದನ್ನು ಕೊಳ್ಳಲು ಇರುವ ಮುಖ್ಯ ಕಾರಣವೂ ಅದೇ.

ವೋಲ್ಟ್‌ಮೀಟರ್ ಹೇಳಲಾರದ್ದನ್ನು ಇದು ಹೇಳುವುದು ಹೀಗೆ. ಬ್ಯಾಟರಿಯ ಮೈನಸ್ ಕೇಬಲ್ಲಿಗೆ ದವಡೆ ಹಾಕಿ (ಮೈನಸ್ಸಿನಿಂದ ಬಾಡಿಗೆ ಹೋಗುವ ಸಣ್ಣ ವಯರನ್ನೂ ಸೇರಿಸಿ) ಎಂಜಿನ್ ಸ್ಟಾರ್ಟ್ ಮಾಡಿ. ಸ್ವಲ್ಪ ಇಳಿದ ಬ್ಯಾಟರಿ ಮೊದಲು 10ರಿಂದ 20 ಆಂಪಿಯರ್ ಎಳೆದು, ಹತ್ತು ನಿಮಿಷದಲ್ಲಿ ಅರ್ಧಕ್ಕಿಳಿದು, ಒಂದು ಗಂಟೆ ಓಡಿದ ಮೇಲೆ 1 ಅಥವಾ 2ಕ್ಕೆ ಬರಬೇಕು. ಅರ್ಧಗಂಟೆಯ ಮೇಲೂ 10 ಆಂಪಿಯರ್ ನುಂಗುತ್ತಲೇ ಇದ್ದು, ಮುಟ್ಟಿದರೆ ಬ್ಯಾಟರಿಯ ಒಂದು ಪಕ್ಕ ಬಿಸಿ ಎನಿಸಿದರೆ ಒಳಗೆ ಸೆಲ್ ಶಾರ್ಟು. ತದ್ವಿರುದ್ಧವಾಗಿ, ನಿಂತಾಗ 12.0 ಇದ್ದ ಬ್ಯಾಟರಿ ಸ್ಟಾರ್ಟಾದ ಒಂದೇ ನಿಮಿಷಕ್ಕೆ 14.5 ತೋರಿಸಿ, ಕ್ಲ್ಯಾಂಪಿನಲ್ಲಿ ಅರ್ಧ ಆಂಪಿಯರೂ ಇಲ್ಲದಿದ್ದರೆ ಅದು ಸಲ್ಫೇಟ್ ಕಟ್ಟಿದ ಬ್ಯಾಟರಿ, ಚಾರ್ಜನ್ನು ಒಳಗೇ ಬಿಟ್ಟುಕೊಳ್ಳುತ್ತಿಲ್ಲ. ಇಂಥ ಕಾರಿನಲ್ಲಿ ಹಳದಿ ಮೀಟರು ‘14.5, ಎಲ್ಲಾ ಓಕೆ’ ಅನ್ನುತ್ತದೆ. ಮಾರನೇ ಬೆಳಿಗ್ಗೆ ಕಾರು ಏಳುವುದಿಲ್ಲ.

ದವಡೆಯನ್ನು ಆಲ್ಟರ್ನೇಟರಿನ ಬಿ ಪ್ಲಸ್ ವಯರಿಗೆ ಸರಿಸಿದರೆ ಅದರ ತಾಕತ್ತು ಗೊತ್ತಾಗುತ್ತದೆ. ಬ್ಯಾಟರಿ ಸ್ವಲ್ಪ ಇಳಿಸಿಕೊಂಡು (ಹೆಡ್‌ಲೈಟ್ ಹದಿನೈದು ನಿಮಿಷ ಸಾಕು), ಸ್ಟಾರ್ಟ್ ಮಾಡಿ, ಸಿಕ್ಕಿದ್ದನ್ನೆಲ್ಲ ಆನ್ ಮಾಡಿ, 2000ಕ್ಕೆ ರೇಸ್ ಹಿಡಿಯಿರಿ. ಆಲ್ಟರ್ನೇಟರಿನ ಮೈಮೇಲಿನ ತಗಡಿನಲ್ಲಿ ಬರೆದ ಆಂಪಿಯರಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬರಬೇಕು. 45 ಎಂದಿದ್ದರೆ 34ರ ಮೇಲೆ. ಲೋಡು ಬೇಡುತ್ತಿದೆ, ವೋಲ್ಟೇಜ್ 13ಕ್ಕೆ ಕುಸಿದಿದೆ, ಆದರೂ 20ರ ಮೇಲೆ ಏರುತ್ತಿಲ್ಲ ಎಂದರೆ ಬೆಲ್ಟು, ಡಯೋಡು, ಕಾರ್ಬನ್ ಬ್ರಶ್ಶು, ಈ ಮೂರರಲ್ಲಿ ಒಂದು. ಡಯೋಡೋ ಎಂದು ತಿಳಿಯಲು ಇದೇ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಕಂಬಗಳಿಗೆ ಹಿಡಿದರಾಯಿತು. 0.1ರ ಕೆಳಗಿದ್ದರೆ ಆರೋಗ್ಯ, 0.5 ದಾಟಿದರೆ ಡಯೋಡ್ ಪ್ಲೇಟ್ ಬದಲಿಸಬೇಕು. ಹಳದಿ ಮೀಟರು ಬಿಟ್ಟ ಜಾಗವನ್ನು ಇದು ತುಂಬುತ್ತದೆ.

ಇದರಿಂದ ಇನ್ನೊಂದು ಭ್ರಮೆಯೂ ಹರಿಯುತ್ತದೆ. ಸಿಲ್ಕ್ ಬೋರ್ಡಿನ ಸಂಜೆ ಜಾಮಿನಲ್ಲಿ ನಿಂತ ಕಾರನ್ನು ಊಹಿಸಿಕೊಳ್ಳಿ. ಲೋ ಬೀಮಿನ ಎರಡು 55 ವಾಟ್ ಬಲ್ಬಿಗೆ 8ರಿಂದ 9 ಆಂಪಿಯರ್, ಬ್ಲೋವರಿಗೆ ಸುಮಾರು 8, ರೇಡಿಯೇಟರ್ ಫ್ಯಾನಿಗೆ 6, ಬ್ರೇಕ್ ಒತ್ತಿಹಿಡಿದರೆ ಹಿಂದಿನ ಎರಡು 21 ವಾಟಿಗೆ ಮೂರೂವರೆ. ಅಲ್ಲಿಗೇ 26 ಆಯಿತು, ಇಗ್ನಿಷನ್ ಬೇರೆ. ಐಡ್ಲಿಂಗಿನಲ್ಲಿ ಸಣ್ಣ ಆಲ್ಟರ್ನೇಟರ್ ಅಷ್ಟು ಕೊಡಲಾರದು, ಕೊರತೆ ಬ್ಯಾಟರಿಯಿಂದ ಹೋಗುತ್ತದೆ, ಕ್ಲ್ಯಾಂಪಿನಲ್ಲಿ ಮೈನಸ್ ಚಿಹ್ನೆ ಬರುತ್ತದೆ. ರೇಸ್ ಕೊಟ್ಟ ಕೂಡಲೇ ಪ್ಲಸ್ಸಿಗೆ ತಿರುಗಿದರೆ ಯಾವುದೂ ಕೆಟ್ಟಿಲ್ಲ. ಹಾರ್ನಿನ ಜೊತೆ ಲೈಟು ಮಂಕಾಗುತ್ತದೆ ಎಂದು ದೂರುವ ಹಳೇ ಕಾರಿನವರಲ್ಲಿ ಎಷ್ಟೋ ಜನರ ಸಮಸ್ಯೆ ಇಷ್ಟೇ. ಕೊಳ್ಳುವಾಗ ಇಲ್ಲದ ಆಂಪ್ಲಿಫೈಯರ್, ಫಾಗ್ ಲ್ಯಾಂಪ್, 100 ವಾಟಿನ ಹ್ಯಾಲೋಜೆನ್‌ಗಳನ್ನೆಲ್ಲ ಆಮೇಲೆ ಅದೇ ಚಿಕ್ಕ ಆಲ್ಟರ್ನೇಟರಿನ ತಲೆಗೆ ಕಟ್ಟಿರುತ್ತಾರೆ.

ಬ್ಯಾಟರಿ ರಾತ್ರೋರಾತ್ರಿ ಸೋರುವ ಕೇಸಿಗೆ ಯುಟಿ210ಇಗೆ ಸಮ ಇಲ್ಲ. ಏನನ್ನೂ ಬಿಚ್ಚದೆ ಮೈನಸ್ ಕೇಬಲ್ಲಿಗೆ ದವಡೆ ಹಾಕಿ, ಬಾಗಿಲು ಮುಚ್ಚಿ, ಕೀಲಿ ತೆಗೆದು ಹತ್ತು ನಿಮಿಷ ಬಿಡಿ. ಕಾರ್ಬ್ಯುರೇಟರ್ ಮಾರುತಿಯಲ್ಲಿ ಸ್ಟೀರಿಯೋದ ನೆನಪಿಗೆ ಒಂದಿಷ್ಟು ಬಿಟ್ಟರೆ ಬೇರೆ ಖರ್ಚಿಲ್ಲ, 20 ಮಿಲಿಆಂಪಿಯರ್ ಒಳಗಿರಬೇಕು. 50ರ ಮೇಲಿದ್ದರೆ ಹುಡುಕಬೇಕು. 100 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 2.4 ಆಂಪಿಯರ್-ಅವರ್, ವಾರಕ್ಕೆ ಸುಮಾರು 17, ಅಂದರೆ 35ರ ಬ್ಯಾಟರಿಯಲ್ಲಿ ಅರ್ಧ ಖಾಲಿ. ಮೊದಲ ಶಂಕಿತ ಆಲ್ಟರ್ನೇಟರೇ: ಎಂಜಿನ್ ಆಫ್ ಇರುವಾಗ ಬಿ ಪ್ಲಸ್ ವಯರಿನಲ್ಲಿ ಹತ್ತಿಪ್ಪತ್ತು ಮಿಲಿಆಂಪಿಯರ್‌ಗಿಂತ ಹೆಚ್ಚು ಕಂಡರೆ ಡಯೋಡ್ ಹಿಮ್ಮುಖ ಸೋರುತ್ತಿದೆ. ಇಂಥ ಡಯೋಡು ಹಗಲಲ್ಲಿ 14 ವೋಲ್ಟ್ ಚಾರ್ಜ್ ಮಾಡಿ ರಾತ್ರಿ ತಾನೇ ಕುಡಿಯುತ್ತದೆ. ಅಲ್ಲಿ ಇಲ್ಲದಿದ್ದರೆ ಹಳದಿ ಮೀಟರನ್ನು 200 ಮಿಲಿವೋಲ್ಟಿಗೆ ಇಟ್ಟು ಪ್ರತಿ ಬ್ಲೇಡ್ ಫ್ಯೂಸಿನ ತಲೆಯ ಎರಡು ಲೋಹದ ಚುಕ್ಕೆಗಳಿಗೆ ಮುಳ್ಳು ಮುಟ್ಟಿಸುತ್ತಾ ಹೋಗಿ. 10 ಆಂಪಿಯರ್ ಫ್ಯೂಸಿನ ತಡೆ 7-8 ಮಿಲಿಓಮ್. 0.7 ಮಿಲಿವೋಲ್ಟ್ ಕಂಡ ಕಡೆ ಸುಮಾರು 100 ಮಿಲಿಆಂಪಿಯರ್ ಓಡುತ್ತಿದೆ.

ಕ್ಲ್ಯಾಂಪಿನ ಕಿರಿಕಿರಿಗಳೂ ಇವೆ. ಇದರೊಳಗಿರುವುದು ಅಯಸ್ಕಾಂತ ಕ್ಷೇತ್ರವನ್ನು ಮೂಸುವ ಸೆನ್ಸರ್, ಭೂಮಿಯ ಕ್ಷೇತ್ರವನ್ನೂ ಅದು ಮೂಸುತ್ತದೆ. ಮೀಟರನ್ನು ಸುಮ್ಮನೆ ಕೈಯಲ್ಲಿ ತಿರುಗಿಸಿದರೇ ಅಂಕಿ ಹತ್ತಿಪ್ಪತ್ತು ಮಿಲಿಆಂಪಿಯರ್ ಓಡಾಡುತ್ತದೆ. ಅಳೆಯುವ ಜಾಗದ ಪಕ್ಕದಲ್ಲೇ, ಅಳೆಯುವಾಗಿನ ದಿಕ್ಕಿನಲ್ಲೇ ಹಿಡಿದು, ಖಾಲಿ ದವಡೆ ಮುಚ್ಚಿ ಸೊನ್ನೆ ಮಾಡಿಕೊಂಡು, ಆಮೇಲೆ ವಯರಿಗೆ ಹಾಕಬೇಕು. ಅನುಮಾನವಿದ್ದರೆ ದವಡೆಯನ್ನು ಮಗುಚಿ ಹಾಕಿ ಇನ್ನೊಮ್ಮೆ ಓದಿ: ಒಮ್ಮೆ 62, ಇನ್ನೊಮ್ಮೆ ಮೈನಸ್ 48 ಬಂದರೆ ನಿಜ, ಚಿಹ್ನೆ ಬಿಟ್ಟು ನೋಡಿದರೆ, ಅವೆರಡರ ನಡುವಿನ 55. ತಾನೇ ಆರಿಕೊಳ್ಳುವ ಸೌಲಭ್ಯ ಸೋರಿಕೆ ಕಾಯುವಾಗ ಕಾಟ, ಮತ್ತೆ ಆನ್ ಮಾಡಿದಾಗ ಸೊನ್ನೆ ಮತ್ತೆ ಹಿಡಿಯಬೇಕು. 17 ಮಿಲಿಮೀಟರಿನ ಬಾಯಿಗೆ ಮೂರು ವಯರು ಸೇರಿಸಿ ಟೇಪ್ ಸುತ್ತಿದ ಪ್ಲಸ್ ಕಟ್ಟು ಹಿಡಿಸುವುದಿಲ್ಲ. ಮತ್ತು 100 ಆಂಪಿಯರ್ ಮಿತಿ: ಸೆಲ್ಫ್ ಮೋಟರ್ ಅಳೆಯಲು ಇದು ಬರುವುದಿಲ್ಲ, ಅದಕ್ಕೆ 400ರ ದೊಡ್ಡಣ್ಣ ಬೇಕು.

ಸಿಗರೇಟ್ ಸಾಕೆಟ್ಟಿನ ಕೆಂಪಂಕಿ ಮೀಟರಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಅದು ಓದುವುದು ಬ್ಯಾಟರಿಯನ್ನಲ್ಲ, ಇಗ್ನಿಷನ್ ಸ್ವಿಚ್ಚು, ಫ್ಯೂಸ್ ಬಾಕ್ಸು, ಮೂವತ್ತು ವರ್ಷದ ಕನೆಕ್ಟರುಗಳನ್ನೆಲ್ಲ ದಾಟಿ ಉಳಿದ ವೋಲ್ಟೇಜನ್ನು. ಬ್ಲೋವರ್ ಹಾಕಿದರೆ ಅರ್ಧ ವೋಲ್ಟ್ ಕಡಿಮೆ ತೋರಿಸುವುದು ಹಳೇ ಕಾರಿನಲ್ಲಿ ಸಹಜ. ಅದೇ ಹೊತ್ತಿನಲ್ಲಿ ಬ್ಯಾಟರಿಯಲ್ಲೊಮ್ಮೆ ಅಳೆದು ವ್ಯತ್ಯಾಸ ಬರೆದಿಟ್ಟುಕೊಂಡರೆ, ನಿತ್ಯದ 13.6 ಇದ್ದಕ್ಕಿದ್ದಂತೆ 12.4 ಆದಾಗ ಎಚ್ಚರಿಸುವ ಕಾವಲುಗಾರನಾಗಿ ಪರವಾಗಿಲ್ಲ. ರೋಗ ಹೇಳುವ ವೈದ್ಯನಂತೂ ಅಲ್ಲ.

ಕಾವಲಿನ ಕೆಲಸಕ್ಕೆ ಡ್ಯಾಶಿನಲ್ಲೇ ಕಂಪನಿ ಕೊಟ್ಟ ಒಂದು ಉಪಕರಣವಿದೆ, ಬ್ಯಾಟರಿ ಚಿಹ್ನೆಯ ಕೆಂಪು ದೀಪ. ಕೀಲಿ ಆನ್ ಮಾಡಿದಾಗ ಅದು ಉರಿಯಲೇಬೇಕು. ಉರಿಯದಿದ್ದರೆ ಬಲ್ಬ್ ಹೋಗಿದೆ, ಅಥವಾ ಆಲ್ಟರ್ನೇಟರಿನಿಂದ ಆ ದೀಪಕ್ಕೆ ಬರುವ ಎಲ್ ವಯರು ಕಿತ್ತಿದೆ, ಅಥವಾ ಬ್ರಶ್ ಸವೆದು ಒಳಗೆ ತಿರುಗುವ ಸ್ಲಿಪ್ ರಿಂಗ್ ಮುಟ್ಟುತ್ತಿಲ್ಲ. ಒಂಬತ್ತು ಡಯೋಡಿನ ಹಳೇ ಜಾತಿಯ ಆಲ್ಟರ್ನೇಟರುಗಳಲ್ಲಿ ಫೀಲ್ಡಿಗೆ (ಒಳಗಿನ ಅಯಸ್ಕಾಂತ ಸುರುಳಿಗೆ) ಮೊದಲ ಕರೆಂಟ್ ಹೋಗುವುದೇ ಆ ಬಲ್ಬಿನ ಮೂಲಕ. ಅಂದಕ್ಕೆಂದು ಡ್ಯಾಶಿಗೆಲ್ಲ ಎಲ್‌ಇಡಿ ಹಾಕಿಸಿದರೆ ಆ ಕರೆಂಟ್ ಸಾಲದೆ, ಸ್ಟಾರ್ಟ್ ಆದ ಮೇಲೆ ಒಮ್ಮೆ ಜೋರಾಗಿ ರೇಸ್ ಕೊಡುವವರೆಗೆ ಚಾರ್ಜಿಂಗ್ ಶುರುವಾಗುವುದಿಲ್ಲ. ಆ ಒಂದು ಸ್ಥಾನಕ್ಕೆ ಹಳೇ ತಂತಿ ಬಲ್ಬನ್ನೇ ಮರಳಿ ಹಾಕಿ. ಓಡುವಾಗ ದೀಪ ಮಿಣಿಮಿಣಿ ಉರಿಯುವುದು ಬೇರೆ ಲಕ್ಷಣ, ಅಲ್ಲಿ ಡಯೋಡು ಇಲ್ಲವೇ ಬಿ ಪ್ಲಸ್ ದಾರಿಯ ಸೋರಿಕೆ ನೋಡಬೇಕು.

ನಾಲ್ಕನೆಯದು ಸಿಸಿಎ ಟೆಸ್ಟರ್. ಬ್ಯಾಟರಿ ಮಾರುವ ಅಂಗಡಿಗಳಲ್ಲಿ ಚೀಟಿ ಮುದ್ರಿಸಿ ಕೊಡುವ ಯಂತ್ರದ ಚಿಕ್ಕ ತಮ್ಮ. ಎರಡು ಕ್ಲಿಪ್ ಹಾಕಿ, ಬ್ಯಾಟರಿಯ ರೇಟಿಂಗ್ ಒತ್ತಿದರೆ ಹತ್ತು ಸೆಕೆಂಡಿನಲ್ಲಿ ‘ಗುಡ್’ ಅಥವಾ ‘ರಿಪ್ಲೇಸ್’. ಸಮಸ್ಯೆ ಆ ರೇಟಿಂಗಿನಲ್ಲಿದೆ. ನಮ್ಮ ಬ್ಯಾಟರಿಗಳ ಮೇಲೆ ದಪ್ಪಕ್ಷರದಲ್ಲಿ ಇರುವುದು ಆಂಪಿಯರ್-ಅವರ್. ಸಿಸಿಎ ಜಾಗಕ್ಕೆ 35 ಒತ್ತಲು ಯಂತ್ರ ಬಿಡದಿದ್ದಾಗ ಬಾಯಿಗೆ ಬಂದ ಅಂಕಿ ಒತ್ತುತ್ತಾರೆ. 35ರ ಬ್ಯಾಟರಿಗೆ 500 ಎಂದು ಒತ್ತಿದರೆ ನಿನ್ನೆ ಕೊಂಡ ಬ್ಯಾಟರಿಯೂ ‘ರಿಪ್ಲೇಸ್’. ಅರ್ಧ ಇಳಿದ ಬ್ಯಾಟರಿಯ ತೀರ್ಪನ್ನೂ ನಂಬುವಂತಿಲ್ಲ, ತುಂಬಿಸಿ ಮತ್ತೆ ನೋಡಬೇಕು. ಚಾರ್ಜಿಂಗ್ ಪರೀಕ್ಷೆಯಲ್ಲಿ ಲೋಡ್ ಇಲ್ಲದೆ, ಲೋಡಿನೊಂದಿಗೆ ವೋಲ್ಟೇಜು ಮತ್ತು ಎಸಿ ಅಲೆ ತೋರಿಸುವುದು ಮಾತ್ರ ಚೆನ್ನಾಗಿದೆ. ಆದರೆ ಅರ್ತ್ ಲಗ್ಗಿನ ತುಕ್ಕಿಗೂ ಸತ್ತ ಆಲ್ಟರ್ನೇಟರಿಗೂ ಇದು ಕೊಡುವುದು ಒಂದೇ ತೀರ್ಪು, ‘ಚಾರ್ಜಿಂಗ್ ಲೋ’. ಮನೆಗೊಂದು ಕೊಳ್ಳುವ ಅಗತ್ಯ ಇಲ್ಲ. ನೀರು ಹಾಕುವ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ನೂರು ರೂಪಾಯಿಯ ಹೈಡ್ರೋಮೀಟರ್ ಇದಕ್ಕಿಂತ ಪ್ರಾಮಾಣಿಕ: ಆರು ಸೆಲ್ಲುಗಳ ನಡುವೆ 50 ಪಾಯಿಂಟಿಗಿಂತ ಹೆಚ್ಚು ಏರುಪೇರು, ಅಂದರೆ ಒಂದರಲ್ಲಿ 1.240, ಇನ್ನೊಂದರಲ್ಲಿ 1.170 ಬಂದರೆ ಆ ಬ್ಯಾಟರಿ ಹೋಯಿತು.

ಯಾವ ಉಪಕರಣವೂ ಬೇಡದ, ಬೀದಿ ಬದಿಯ ಐದನೇ ಪರೀಕ್ಷೆಯೊಂದಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕೀಳುವುದು, ಎಂಜಿನ್ ನಿಂತರೆ ‘ಡೈನಮೋ ಹೋಗಿದೆ’ ಅನ್ನುವುದು. ನಿಜವಾದ ಡೈನಮೋ ಇದ್ದ ಕಾಲದ ಅಭ್ಯಾಸ ಇದು. ಆಲ್ಟರ್ನೇಟರಿನಲ್ಲಿ ಬ್ಯಾಟರಿಯನ್ನು ದಿಢೀರ್ ಬಿಡಿಸಿದರೆ ವೋಲ್ಟೇಜ್ ಕ್ಷಣಮಾತ್ರಕ್ಕೆ ಹತ್ತಾರು ವೋಲ್ಟ್ ಮೇಲಕ್ಕೆ ನೆಗೆಯುತ್ತದೆ. ಡಯೋಡ್, ರೆಗ್ಯುಲೇಟರ್ ಸುಡುತ್ತವೆ, ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ) ಕಾರಾದರೆ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುವೂ ಹೋಗಬಹುದು. ಪರೀಕ್ಷೆಗೆ ಮೊದಲು ಚೆನ್ನಾಗಿದ್ದ ಆಲ್ಟರ್ನೇಟರ್ ಪರೀಕ್ಷೆಯಿಂದಲೇ ಕೆಡುತ್ತದೆ. ಮೆಕ್ಯಾನಿಕ್ಕಿನ ಕೈ 10 ನಂಬರ್ ಸ್ಪ್ಯಾನರಿಗೆ ಹೋದರೆ ಮೊದಲು ಎಂಜಿನ್ ಆಫ್ ಮಾಡಿ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಮೊದಲ ಐನೂರು ರೂಪಾಯಿ ಹಳದಿ ಮೀಟರು, ಒಳ್ಳೆಯ ಲೀಡು, ಹೊಸ 9 ವೋಲ್ಟ್ ಸೆಲ್ಲಿಗೆ ಹೋಗಲಿ. ಒಂದೇ ಕಾರು, ಅದೂ ದಿನಾ ಓಡುವಂಥದ್ದಾದರೆ ಅಲ್ಲಿಗೆ ನಿಲ್ಲಿಸಬಹುದು. ಎರಡು ಮೂರು ಹಳೇ ಗಾಡಿ ಇಟ್ಟವರಿಗೆ, ಕಾರನ್ನು ವಾರಗಟ್ಟಲೆ ನಿಲ್ಲಿಸುವವರಿಗೆ ಯುಟಿ210ಇ ಒಂದು ಬ್ಯಾಟರಿಯ ಖರ್ಚು ಉಳಿಸಿದರೂ ತನ್ನ ಬೆಲೆ ತೀರಿಸುತ್ತದೆ. ಜೆಸಿ ರೋಡಿನಲ್ಲೋ ನಿಮ್ಮೂರಿನ ಪೇಟೆಯಲ್ಲೋ ರೀಕಂಡಿಷನ್ ಆಲ್ಟರ್ನೇಟರ್ ಕೊಳ್ಳುವಾಗಂತೂ ಎರಡನ್ನೂ ಜೇಬಲ್ಲಿಟ್ಟುಕೊಂಡು ಹೋಗಿ. ಬೆಂಚಿನ ಮೇಲೆ ಒಂದು ಬಲ್ಬ್ ಉರಿಸಿ ‘14 ವೋಲ್ಟ್ ನೋಡಿ’ ಅಂದರೆ ತಲೆಯಾಡಿಸಬೇಡಿ, ಎರಡು ಡಯೋಡ್ ಸತ್ತ ಆಲ್ಟರ್ನೇಟರೂ ಒಂದು ಬಲ್ಬಿಗೆ 14 ಕೊಡುತ್ತದೆ. ಆರೇಳು ಹೆಡ್‌ಲೈಟ್ ಬಲ್ಬು ಒಟ್ಟಿಗೆ ಉರಿಸಲು ಹೇಳಿ, ಬಿ ಪ್ಲಸ್ಸಿಗೆ ದವಡೆ ಹಾಕಿ 25 ದಾಟುತ್ತದೆಯೇ ನೋಡಿ, ಆಗ ವೋಲ್ಟೇಜ್ 13.5ರ ಮೇಲೇ ನಿಲ್ಲಬೇಕು, ಎಸಿ 0.1ರ ಒಳಗಿರಬೇಕು. ಅಷ್ಟು ಲೋಡು ಹಾಕಲು ಅಂಗಡಿಯವನು ಗೊಣಗಿದರೆ ಪಕ್ಕದ ಅಂಗಡಿ ನೋಡಿ.